ಎಷ್ಟು ಜನರನ್ನು ಮಾತಾಡಿಸಿದರೆ ಸಾಕು? ಕೇಸ್ ಸ್ಟಡಿ ಮಾಡುವವರಿಗೆ ಕಾಡುವ ಪ್ರಶ್ನೆ

ಎಂಬಿಎ, ನರ್ಸಿಂಗ್, ಶಿಕ್ಷಣ, ಸಮಾಜಕಾರ್ಯ, ಯಾವ ಕೋರ್ಸೇ ಇರಲಿ, ಪ್ರಾಜೆಕ್ಟ್ ಶುರುವಾದ ಕೂಡಲೇ ಒಂದು ಪ್ರಶ್ನೆ ಬಂದೇ ಬರುತ್ತದೆ: ಎಷ್ಟು ಸಂದರ್ಶನ ಮಾಡಬೇಕು? ಒಬ್ಬ ಗೈಡ್ ಹತ್ತು ಅನ್ನುತ್ತಾರೆ. ಇನ್ನೊಬ್ಬರು ಮೂವತ್ತು ಅನ್ನುತ್ತಾರೆ. ಮೂರನೆಯವರು "ಸ್ಯಾಚುರೇಶನ್ ಬರುವವರೆಗೆ ಮಾಡಿ" ಎಂದು ಹೇಳಿ ಎದ್ದು ಹೋಗುತ್ತಾರೆ. ಸ್ಯಾಚುರೇಶನ್ ಅಂದರೆ ಇನ್ನೆಷ್ಟು ಕೇಳಿದರೂ ಹೊಸದೇನೂ ಸಿಗದ ಹಂತ. ಅದು ಬಂದದ್ದು ಗೊತ್ತಾಗುವುದು ಹೇಗೆ ಎಂದು ಕೇಳಿದರೆ ಉತ್ತರ ಸಿಗುವುದು ಅಪರೂಪ.

ಸಂಖ್ಯೆ ಕೇಳುವುದರಲ್ಲಿ ತಪ್ಪೇನೂ ಇಲ್ಲ. ಸಮಯ, ಓಡಾಟ, ಟೈಪಿಂಗ್ ಎಲ್ಲಕ್ಕೂ ಲೆಕ್ಕ ಬೇಕಲ್ವಾ? ಆದರೆ ಎಷ್ಟು ಸಾಕು ಅನ್ನುವುದು ನೀವು ಕೊನೆಗೆ ಏನು ಹೇಳಲು ಹೊರಟಿದ್ದೀರಿ ಅನ್ನುವುದರ ಮೇಲೆ ನಿಂತಿದೆ. ಅದನ್ನು ಬಿಟ್ಟು ಸುಮ್ನೆ ಒಂದು ಸಂಖ್ಯೆ ಹಿಡಿದುಕೊಂಡರೆ ಪ್ರಯೋಜನವಿಲ್ಲ. ಬುಡದಿಂದಲೇ ನೋಡೋಣ.

ಕೇಸ್ ಸ್ಟಡಿ ಅಂದರೆ ಏನು?

ಸಂಶೋಧನೆಯಲ್ಲಿ ಎಣಿಸಿ ತಿಳಿಯುವ ದಾರಿ ಒಂದು. ಅದು ಪರಿಮಾಣಾತ್ಮಕ ಸಂಶೋಧನೆ. ಎಷ್ಟು ಜನ, ಶೇಕಡಾ ಎಷ್ಟು, ಯಾವುದು ಜಾಸ್ತಿ ಅನ್ನುವ ಪ್ರಶ್ನೆಗಳಿಗೆ ಅದೇ ಸರಿ. ಇನ್ನೊಂದು, ಕೇಳಿ, ನೋಡಿ, ಓದಿ ತಿಳಿಯುವ ದಾರಿ. ಇದು ಗುಣಾತ್ಮಕ ಸಂಶೋಧನೆ. ಇಲ್ಲಿ ಕೈಗೆ ಸಿಗುವುದು ಜನರ ಮಾತು, ಅವರ ನಡವಳಿಕೆ, ಅವರು ಬರೆದಿಟ್ಟ ಕಾಗದ. ಹೇಗೆ ಮತ್ತು ಯಾಕೆ ಅನ್ನುವ ಪ್ರಶ್ನೆಗಳು ಈ ಕಡೆಗೆ ಸೇರುತ್ತವೆ.

ಒಂದು ಕಲ್ಪಿತ ಉದಾಹರಣೆ ಇಟ್ಟುಕೊಳ್ಳೋಣ. ಕೊನೆಯವರೆಗೂ ಇದು ಬೇಕಾಗುತ್ತದೆ. ಒಂದು ಆಸ್ಪತ್ರೆಯಲ್ಲಿ ಕಾಗದದ ಕೇಸ್ ಶೀಟ್ ತೆಗೆದು ಎಲ್ಲವನ್ನೂ ಕಂಪ್ಯೂಟರಿಗೆ ಹಾಕಿದರು. ವರ್ಷ ಕಳೆಯಿತು. ಆದರೂ ನರ್ಸ್‌ಗಳು ಜೇಬಿನಲ್ಲಿ ಚಿಕ್ಕ ನೋಟ್‌ಬುಕ್ ಇಟ್ಟುಕೊಂಡು ಅದರಲ್ಲೂ ಬರೆಯುತ್ತಲೇ ಇದ್ದಾರೆ. ಎಷ್ಟು ಜನ ಹೀಗೆ ಮಾಡುತ್ತಾರೆ ಅನ್ನುವುದನ್ನು ಒಂದು ಸರ್ವೆ ಹೇಳಿಬಿಡುತ್ತದೆ. ಯಾಕೆ ಮಾಡುತ್ತಾರೆ, ಆ ಅಭ್ಯಾಸ ಹೇಗೆ ಉಳಿಯಿತು ಅನ್ನುವುದು ತಿಳಿಯಬೇಕಾದರೆ ವಾರ್ಡಿಗೇ ಹೋಗಿ ನಿಲ್ಲಬೇಕು.

ಹೀಗೆ ಒಂದು ಸಂಸ್ಥೆ, ಘಟನೆ, ನಿರ್ಧಾರ ಅಥವಾ ಯೋಜನೆಯನ್ನು ಅದು ನಡೆಯುವ ಜಾಗದಲ್ಲೇ, ಅದರ ಸುತ್ತಲಿನ ಪರಿಸ್ಥಿತಿಯ ಜೊತೆಗೇ ಆಳವಾಗಿ ನೋಡುವುದು ಕೇಸ್ ಸ್ಟಡಿ, ಅಂದರೆ ಪ್ರಕರಣ ಅಧ್ಯಯನ. ಈ ವಿಧಾನಕ್ಕೆ ಕಟ್ಟುನಿಟ್ಟಾದ ರೂಪ ಕೊಟ್ಟವರಲ್ಲಿ ಅಮೆರಿಕದ ರಾಬರ್ಟ್ ಯಿನ್ ಮುಖ್ಯರು. ಈ ಬಗ್ಗೆ ಅವರು ಬರೆದ ಪಠ್ಯಪುಸ್ತಕ ಮೊದಲು ಬಂದದ್ದು 1984ರಲ್ಲಿ. ನೋಡುತ್ತಿರುವ ವಿಷಯ ಯಾವುದು, ಅದರ ಸುತ್ತಲಿನ ಪರಿಸ್ಥಿತಿ ಯಾವುದು ಎಂದು ಸಲೀಸಾಗಿ ಬೇರೆ ಮಾಡಲಾಗದಿದ್ದಾಗ ಈ ವಿಧಾನ ವಿಶೇಷವಾಗಿ ಒದಗುತ್ತದೆ ಎನ್ನುತ್ತಾರೆ ಅವರು. ನೋಟ್‌ಬುಕ್ ಉದಾಹರಣೆ ಅಂಥದ್ದೇ. ಅಭ್ಯಾಸ ನರ್ಸಿನದ್ದೋ, ನಿಧಾನವಾದ ಕಂಪ್ಯೂಟರಿನದ್ದೋ, ಪಾಳಿ ಬದಲಾಗುವ ಗಡಿಬಿಡಿಯದ್ದೋ? ಎಲ್ಲ ಒಂದಕ್ಕೊಂದು ಹೆಣೆದುಕೊಂಡಿವೆ.

ಶಿಕ್ಷಣ ಸಂಶೋಧಕ ರಾಬರ್ಟ್ ಸ್ಟೇಕ್ 1995ರಲ್ಲಿ ಇನ್ನೊಂದು ಉಪಯುಕ್ತ ವಿಂಗಡಣೆ ಕೊಟ್ಟರು. ಆ ಒಂದು ಪ್ರಕರಣವೇ ನಮಗೆ ಮುಖ್ಯವಾಗಿರಬಹುದು. ಅಥವಾ ದೊಡ್ಡ ಪ್ರಶ್ನೆಯೊಂದನ್ನು ತಿಳಿಯಲು ಆ ಪ್ರಕರಣ ಒಂದು ಸಾಧನ ಆಗಿರಬಹುದು. ಇಲ್ಲವೇ ಹಲವು ಪ್ರಕರಣಗಳನ್ನು ಒಟ್ಟಿಗೆ ಇಟ್ಟು ನೋಡಬಹುದು. ನಿಮ್ಮದು ಯಾವುದು ಎಂದು ಮೊದಲೇ ಗೊತ್ತಿದ್ದರೆ ಮುಂದಿನ ತಲೆಬಿಸಿ ಅರ್ಧ ಕಡಿಮೆ.

ಮೊದಲು ಗಡಿ ಹಾಕಿಕೊಳ್ಳಿ

ಕೇಸ್ ಸ್ಟಡಿಯಲ್ಲಿ ಪ್ರಕರಣ ಎಲ್ಲಿಂದ ಎಲ್ಲಿಯವರೆಗೆ ಅನ್ನುವುದನ್ನು ನಿರ್ಧರಿಸಬೇಕು. ಜಾಗ, ಕಾಲ, ಜನ, ಮೂರಕ್ಕೂ ಗಡಿ ಬೇಕು. ಇಡೀ ಆಸ್ಪತ್ರೆಯೋ ಒಂದೇ ವಾರ್ಡೋ? ಕಂಪ್ಯೂಟರ್ ಬಂದ ಮೇಲಿನ ವರ್ಷವೋ, ಬರುವ ಮುಂಚಿನದ್ದೂ ಸೇರಿಯೋ? ಇದನ್ನು ಬಿಟ್ಟು ಮಾಹಿತಿ ಸಾಕೋ ಸಾಲದೋ ಎಂದು ಕೇಳುವುದರಲ್ಲಿ ಅರ್ಥವಿಲ್ಲ. ಯಾವುದಕ್ಕೆ ಸಾಕು ಎಂದೇ ಗೊತ್ತಿರುವುದಿಲ್ಲವಲ್ಲ.

ಗಡಿ ಬದಲಾದರೆ ಉತ್ತರವೂ ಬದಲಾಗುತ್ತದೆ ಅನ್ನುವುದಕ್ಕೆ ದೊಡ್ಡ ಉದಾಹರಣೆ ಚಾಲೆಂಜರ್ ದುರಂತ. 1986ರ ಜನವರಿ 28ರಂದು ಅಮೆರಿಕದ ಈ ಬಾಹ್ಯಾಕಾಶ ನೌಕೆ ಮೇಲೆದ್ದ 73 ಸೆಕೆಂಡಿಗೆ ಒಡೆದುಹೋಯಿತು. ಒಳಗಿದ್ದ 7 ಮಂದಿಯೂ ಸತ್ತರು. ರಾಕೆಟ್ಟಿನ ಜೋಡಣೆಯಲ್ಲಿದ್ದ ಓ-ರಿಂಗ್ ಎಂಬ ರಬ್ಬರಿನ ಬಳೆ ಚಳಿಗೆ ಗಡುಸಾಗಿ, ಬಿಸಿ ಅನಿಲವನ್ನು ತಡೆಯದೇ ಹೋದದ್ದು ತಾಂತ್ರಿಕ ಕಾರಣ. ಹಿಂದಿನ ರಾತ್ರಿ ಕೆಲವು ಎಂಜಿನಿಯರ್‌ಗಳು ಈ ಚಳಿಯಲ್ಲಿ ಹಾರಿಸುವುದು ಬೇಡ ಎಂದಿದ್ದರು. ತನಿಖಾ ಆಯೋಗ 160ಕ್ಕೂ ಹೆಚ್ಚು ಜನರನ್ನು ಮಾತಾಡಿಸಿತು. ಒಟ್ಟು 1,22,000ಕ್ಕೂ ಹೆಚ್ಚು ಪುಟಗಳ ದಾಖಲೆ ನೋಡಿತು.

ಸಮಾಜಶಾಸ್ತ್ರಜ್ಞೆ ಡಯೇನ್ ವಾನ್ ಇದೇ ದುರಂತವನ್ನು ಕೇಸ್ ಸ್ಟಡಿಯಾಗಿ ತೆಗೆದುಕೊಂಡರು. ಒತ್ತಡಕ್ಕೆ ಬಿದ್ದ ಅಧಿಕಾರಿಗಳು ನಿಯಮ ಮುರಿದಿದ್ದಾರೆ ಅನ್ನುವುದು ಅವರ ಮೊದಲ ಊಹೆ. ದಾಖಲೆಗಳನ್ನು ಬಿಡಿಸುತ್ತಾ ಹೋದಂತೆ ಅದು ನಿಲ್ಲಲಿಲ್ಲ. ನಿಯಮ ಮುರಿದಂತೆ ಕಂಡದ್ದು ನಿಯಮದಲ್ಲೇ ಇದ್ದ ವಿನಾಯಿತಿ ಆಗಿತ್ತು. ಆಗ ಅವರು ಆ ಒಂದು ರಾತ್ರಿಯಿಂದ ಹಿಂದಕ್ಕೆ, ಹಲವು ವರ್ಷಗಳ ಹಳೆಯ ನಿರ್ಧಾರಗಳವರೆಗೂ ಹೋದರು. ಹಾರಾಟದಿಂದ ಮರಳಿದ ರಾಕೆಟ್ಟುಗಳಲ್ಲಿ ಓ-ರಿಂಗ್ ಸವೆದದ್ದು ಮೊದಲೂ ಕಂಡಿತ್ತು. ಪ್ರತಿ ಸಲವೂ ಪರೀಕ್ಷೆ ಮಾಡಿ, ಇಷ್ಟು ಪರವಾಗಿಲ್ಲ ಎಂದು ಒಪ್ಪಿಕೊಂಡಿದ್ದರು. ಇವತ್ತಿನ ಪರವಾಗಿಲ್ಲ ಅನ್ನುವುದು ನಾಳೆಗೆ ಮಾಮೂಲಿ ಆಗುತ್ತಾ ಬಂದಿತ್ತು. 1996ರಲ್ಲಿ ಬಂದ ಅವರ ಅಧ್ಯಯನದ ಮುಖ್ಯ ಮಾತು ಇದು: ಯಾರೂ ನಿಯಮ ಮುರಿಯದೆಯೇ ಅಪಾಯ ಸಹಜವಾಗಿಬಿಡಬಹುದು.

ಅವರಿಗೆ ಕಾಗದದ ಕೊರತೆ ಇರಲಿಲ್ಲ. ಆ ಒಂದು ರಾತ್ರಿಯ ಬಗ್ಗೆ ಎಷ್ಟೇ ಮಾಹಿತಿ ಸೇರಿಸಿದ್ದರೂ ಈ ಉತ್ತರ ಸಿಗುತ್ತಿರಲಿಲ್ಲ. ಕಾಲದ ಗಡಿ ಹಿಂದಕ್ಕೆ ಹೋದಾಗ ಸಿಕ್ಕಿತು.

ಒಂದೇ ಪ್ರಕರಣ ನೋಡಿ ಎಲ್ಲರ ಬಗ್ಗೆ ಹೇಳಬಹುದಾ?

ಇದು ಕೇಸ್ ಸ್ಟಡಿಯ ಮೇಲೆ ಇರುವ ಹಳೆಯ ಆಕ್ಷೇಪ. ಒಂದು ಆಸ್ಪತ್ರೆ ನೋಡಿ "ಶೇಕಡಾ ಇಷ್ಟು ಆಸ್ಪತ್ರೆಗಳಲ್ಲಿ ಹೀಗೆ" ಅನ್ನಲು ಖಂಡಿತ ಆಗುವುದಿಲ್ಲ. ಅದು ಸರ್ವೆಯ ಕೆಲಸ. ಕೇಸ್ ಸ್ಟಡಿ ಹೇಳಬಲ್ಲದ್ದು ಒಂದು ಕಾರಣದ ಸರಪಳಿಯನ್ನು: ಇಂಥ ಪರಿಸ್ಥಿತಿಯಲ್ಲಿ ಇದು ಹೀಗೆ ನಡೆಯುತ್ತದೆ, ಈ ಕಾರಣಕ್ಕೆ. ಇದನ್ನು ಯಿನ್ ವಿಶ್ಲೇಷಣೆಯ ಮೂಲಕ ಸಾಮಾನ್ಯೀಕರಿಸುವುದು ಎನ್ನುತ್ತಾರೆ. ಇಲ್ಲಿ ದಾಟಿಸುವುದು ವಿವರಣೆಯನ್ನು, ಶೇಕಡಾವಾರನ್ನಲ್ಲ.

ಉದಾಹರಣೆಗೆ, 2003ರ ಫೆಬ್ರುವರಿ 1ರಂದು ಅಮೆರಿಕದ ಇನ್ನೊಂದು ಬಾಹ್ಯಾಕಾಶ ನೌಕೆ ಕೊಲಂಬಿಯಾ ಭೂಮಿಗೆ ಮರಳುವಾಗ ನಾಶವಾಯಿತು. ಈ ಸಲ ಕಾರಣ ಓ-ರಿಂಗ್ ಆಗಿರಲಿಲ್ಲ. ಮೇಲೇರುವಾಗ ಇಂಧನದ ಟ್ಯಾಂಕಿನಿಂದ ಕಿತ್ತುಬಂದ ಫೋಮ್ ತುಂಡು ರೆಕ್ಕೆಗೆ ಬಡಿದಿತ್ತು. ಹಿಂದಿನ ಹಾರಾಟಗಳಲ್ಲೂ ಫೋಮ್ ಬಿದ್ದಿತ್ತು, ಅನಾಹುತ ಆಗಿರಲಿಲ್ಲ, ಹಾಗಾಗಿ ಅದು ಮಾಮೂಲಿ ಆಗಿತ್ತು. ತನಿಖಾ ಮಂಡಳಿ ವಾನ್ ಅವರನ್ನು ಕರೆಸಿಕೊಂಡಿತು. ವರದಿಯಲ್ಲಿ ಎರಡೂ ದುರಂತಗಳ ಹೋಲಿಕೆ ಬಂತು. ಭಾಗ ಬೇರೆ, ವರ್ಷ ಬೇರೆ, ಸರಪಳಿ ಒಂದೇ.

ಮಾಹಿತಿ ಎಲ್ಲಿಂದ?

ಹಲವರು ಕೇಸ್ ಸ್ಟಡಿ ಅಂದರೆ ಸಂದರ್ಶನ ಅಂದುಕೊಂಡಿದ್ದಾರೆ. ಯಿನ್ ಆರು ಮೂಲಗಳನ್ನು ಹೇಳುತ್ತಾರೆ. ಪತ್ರ, ಸುತ್ತೋಲೆ, ಸಭೆಯ ನಡಾವಳಿಯಂಥ ಕಾಗದಪತ್ರ. ಹಾಜರಿ ಪುಸ್ತಕ, ಲೆಕ್ಕದ ಕಡತದಂಥ ಸಂಗ್ರಹಿತ ದಾಖಲೆ. ಸಂದರ್ಶನ. ನೇರವಾಗಿ ನಿಂತು ನೋಡುವುದು. ಅವರ ಜೊತೆ ಕೆಲಸದಲ್ಲಿ ಸೇರಿಕೊಂಡು ನೋಡುವುದು. ಕೊನೆಗೆ ವಸ್ತುಗಳು, ನಮ್ಮ ಉದಾಹರಣೆಯಲ್ಲಿ ಆ ನೋಟ್‌ಬುಕ್ಕೇ ಒಂದು ವಸ್ತು. ಆರೂ ಬೇಕೇಬೇಕು ಅಂತಿಲ್ಲ. ಒಂದನ್ನೇ ನಂಬಿ ಕೂರಬಾರದು, ಅಷ್ಟೇ.

ಹಳೆಯ ಮನೆಯೊಂದನ್ನು ಕೊಳ್ಳಲು ಹೋಗಿದ್ದೀರಿ ಅಂದುಕೊಳ್ಳಿ. ಸೂರು ಸೋರುತ್ತದಾ ಎಂದು ಮಾಲೀಕರನ್ನು ಹತ್ತು ಸಲ ಕೇಳಿದರೂ "ಇಲ್ಲ" ಎಂಬ ಒಂದೇ ಉತ್ತರ ಬರುತ್ತದೆ. ಹತ್ತು ಸಲ ಬಂತು ಅಂತ ಅದು ಹತ್ತು ಪಟ್ಟು ನಿಜ ಆಗುವುದಿಲ್ಲ. ಪಕ್ಕದ ಮನೆಯವರನ್ನು ಕೇಳುತ್ತೀರಿ, ಗೋಡೆಯ ಮೇಲಿನ ಕಲೆ ನೋಡುತ್ತೀರಿ, ಮಳೆ ಬಂದ ದಿನ ಇನ್ನೊಮ್ಮೆ ಹೋಗುತ್ತೀರಿ. ಬೇರೆ ಬೇರೆ ದಿಕ್ಕಿನಿಂದ ಒಂದೇ ವಿಷಯವನ್ನು ಹೀಗೆ ತಾಳೆ ನೋಡುವುದಕ್ಕೆ ಸಂಶೋಧಕರು ಟ್ರಯಾಂಗ್ಯುಲೇಶನ್ ಎನ್ನುತ್ತಾರೆ.

ತಾಳೆ ಆಗದಿದ್ದರೆ? ಬೇಜಾರು ಮಾಡಿಕೊಳ್ಳಬೇಡಿ. "ಎಲ್ಲವನ್ನೂ ಆಗಿಂದಾಗಲೇ ಕಂಪ್ಯೂಟರಿಗೆ ಹಾಕುತ್ತೇವೆ" ಎಂದು ಸಂದರ್ಶನದಲ್ಲಿ ಹೇಳುತ್ತಾರೆ. ಕಂಪ್ಯೂಟರಿನ ಸಮಯದ ದಾಖಲೆ ನೋಡಿದರೆ ಎಲ್ಲವೂ ಪಾಳಿಯ ಕೊನೆಯ ಅರ್ಧ ಗಂಟೆಯಲ್ಲಿ ಹಾಕಿದ್ದು. ಈ ವ್ಯತ್ಯಾಸವೇ ನಿಮ್ಮ ಅಧ್ಯಯನದ ಅತ್ಯುತ್ತಮ ಮಾಹಿತಿ ಆಗಬಹುದು.

ಸ್ಯಾಚುರೇಶನ್ ಎಂಬ ಅಳತೆ

ಸಿಕ್ಕ ಮಾತುಗಳನ್ನು ಓದಿ, ಒಂದೊಂದು ತುಣುಕಿಗೂ ಒಂದು ಹೆಸರು ಕೊಡುತ್ತೇವೆ: "ಕಂಪ್ಯೂಟರ್ ನಿಧಾನ", "ಮರೆಯುವ ಭಯ", "ಪಾಳಿ ಒಪ್ಪಿಸುವಾಗ ಅನುಕೂಲ". ಈ ಹೆಸರುಗಳು ಕೋಡ್. ಹತ್ತಿರದ ಕೋಡ್‌ಗಳನ್ನು ಸೇರಿಸಿದಾಗ ಆಗುವುದು ಥೀಮ್. ಹೊಸ ಸಂದರ್ಶನಗಳಿಂದ ಹೊಸ ಕೋಡ್ ಹುಟ್ಟುವುದು ನಿಂತಾಗ ಸ್ಯಾಚುರೇಶನ್ ಬಂತು ಎನ್ನುತ್ತಾರೆ. ಇದು ಇವತ್ತಿನ ಬಳಕೆ.

ಮೂಲದಲ್ಲಿ ಅರ್ಥ ಸ್ವಲ್ಪ ಬೇರೆ ಇತ್ತು. ಬಾರ್ನಿ ಗ್ಲೇಸರ್ ಮತ್ತು ಆನ್ಸೆಲ್ಮ್ ಸ್ಟ್ರಾಸ್ 1967ರಲ್ಲಿ ಈ ಮಾತನ್ನು ತಂದರು. ಮಾಹಿತಿಯಿಂದಲೇ ಸಿದ್ಧಾಂತ ಕಟ್ಟುವ ಗ್ರೌಂಡೆಡ್ ಥಿಯರಿ ಎಂಬ ವಿಧಾನದಲ್ಲಿ ಅದು ಬಂತು. ಒಂದು ವರ್ಗ, ಉದಾಹರಣೆಗೆ "ಮರೆಯುವ ಭಯ", ಅದರ ಎಲ್ಲ ಮುಖಗಳೂ ಸ್ಪಷ್ಟವಾಗಿ, ಇನ್ನಷ್ಟು ಮಾಹಿತಿಯಿಂದ ಅದಕ್ಕೆ ಹೊಸ ಗುಣ ಸೇರದಿದ್ದಾಗ ಅದು ತುಂಬಿತು ಎಂದು ಅವರ ಲೆಕ್ಕ. ಯಾರನ್ನು ಮುಂದೆ ಮಾತಾಡಿಸಬೇಕು ಅನ್ನುವುದನ್ನೂ ಆಗಿನ ವಿಶ್ಲೇಷಣೆಯೇ ಹೇಳಬೇಕಿತ್ತು. ಅಂದರೆ ಮಾಹಿತಿ ಸೇರಿಸುವುದು, ಓದುವುದು ಎರಡೂ ಒಟ್ಟಿಗೆ ನಡೆಯಬೇಕು. ಎಲ್ಲ ಸಂದರ್ಶನ ಮುಗಿಸಿ, ಆಮೇಲೆ ಕೂತು ಕೋಡ್ ಮಾಡಿ, "ಸ್ಯಾಚುರೇಶನ್ ಬಂದಿತ್ತು" ಎಂದು ಬರೆಯುವುದು ಇವತ್ತು ಪ್ರಬಂಧಗಳಲ್ಲಿ ಸಾಮಾನ್ಯ. ಅದನ್ನು ನಂಬಲು ಆಧಾರ ಕಡಿಮೆ.

ಇನ್ನು ಎಲ್ಲರಿಗೂ ಬೇಕಾದ ಸಂಖ್ಯೆಗಳು. 2006ರಲ್ಲಿ ಗ್ರೆಗ್ ಗೆಸ್ಟ್ ಮತ್ತು ಸಂಗಡಿಗರು ಘಾನಾ, ನೈಜೀರಿಯಾಗಳ ಮಹಿಳೆಯರ 60 ಸಂದರ್ಶನಗಳನ್ನು ಹಿಂದಿರುಗಿ ನೋಡಿದರು. ಮೊದಲ 12ರೊಳಗೇ ಸ್ಯಾಚುರೇಶನ್ ಬಂದಿತ್ತು, ಮುಖ್ಯ ಥೀಮ್‌ಗಳ ಬೀಜ 6ರಲ್ಲೇ ಕಂಡಿತ್ತು. ಈ 12 ಅನ್ನುವ ಸಂಖ್ಯೆ ಆಮೇಲೆ ಪ್ರಬಂಧದಿಂದ ಪ್ರಬಂಧಕ್ಕೆ ಜಿಗಿಯುತ್ತಾ ಬಂತು. ತಮ್ಮ ಸಂದರ್ಶನಗಳು ಹೆಚ್ಚುಕಡಿಮೆ ಒಂದೇ ಬಗೆಯ ಜನರವು, ಎಲ್ಲರಿಗೂ ಹೆಚ್ಚುಕಡಿಮೆ ಒಂದೇ ಪ್ರಶ್ನೆ ಕೇಳಿದ್ದೆವು ಎಂದು ಅವರೇ ಎಚ್ಚರಿಸಿದ್ದರು. ಆ ಸಾಲು ಮಾತ್ರ ಅಷ್ಟಾಗಿ ಜಿಗಿಯಲಿಲ್ಲ.

2017ರಲ್ಲಿ ಮೋನಿಕ್ ಹೆನ್ನಿಂಕ್ ಮತ್ತು ಸಂಗಡಿಗರು ಇನ್ನೂ ಉಪಯೋಗದ ಒಂದು ಭೇದ ತೋರಿಸಿದರು. ಅವರ 25 ಸಂದರ್ಶನಗಳಲ್ಲಿ ಹೊಸ ಕೋಡ್ ಬರುವುದು 9ರ ಹೊತ್ತಿಗೆ ಹೆಚ್ಚುಕಡಿಮೆ ನಿಂತಿತ್ತು. ಆದರೆ ಆ ಕೋಡ್‌ಗಳ ಅರ್ಥ ಪೂರ್ತಿ ಬಿಡಿಸಿಕೊಳ್ಳಲು 16ರಿಂದ 24 ಬೇಕಾದವು. ವಿಷಯ ಕಿವಿಗೆ ಬೀಳುವುದು ಬೇಗ, ತಲೆಗೆ ಹತ್ತುವುದು ತಡ. "ಮರೆಯುವ ಭಯ" ಎಂಬ ಕೋಡ್ ಎರಡನೆಯ ಸಂದರ್ಶನದಲ್ಲೇ ಸಿಕ್ಕಬಹುದು. ಅದು ಹೊಸಬರ ಭಯವೋ, ಹಿಂದೆ ಬೈಸಿಕೊಂಡವರ ಭಯವೋ, ಆರೋಪ ಬಂದರೆ ಕೈಯಲ್ಲಿ ಪುರಾವೆ ಇರಲಿ ಅನ್ನುವ ಜಾಣತನವೋ, ಇದು ತಿಳಿಯಲು ಇನ್ನಷ್ಟು ಮಂದಿ ಬೇಕು.

ಲೆಕ್ಕ ಇಟ್ಟು ತೋರಿಸುವ ದಾರಿಯೂ ಇದೆ. ಗೆಸ್ಟ್ ತಂಡ 2020ರಲ್ಲಿ ಇದನ್ನು ಮುಂದಿಟ್ಟಿತು. ಮೊದಲ 4 ಸಂದರ್ಶನಗಳಲ್ಲಿ ಬಂದ ಥೀಮ್‌ಗಳನ್ನು ಎಣಿಸಿ; ಒಟ್ಟು 20 ಎಂದುಕೊಳ್ಳಿ. ಮುಂದಿನ 2 ಸಂದರ್ಶನಗಳಲ್ಲಿ ಹೊಸದಾಗಿ 3 ಬಂದರೆ, 20ಕ್ಕೆ 3, ಅಂದರೆ ಶೇ 15. ಇನ್ನೂ ನಿಲ್ಲಿಸುವಂತಿಲ್ಲ. ಮುಂದೆ ಹೋಗುತ್ತಾ ಯಾವುದೋ 2 ಸಂದರ್ಶನಗಳಲ್ಲಿ ಹೊಸದು 1 ಮಾತ್ರ ಬಂದರೆ ಶೇ 5. ನಿಮ್ಮ ಮಿತಿ ಶೇ 5 ಎಂದು ಮೊದಲೇ ಬರೆದಿಟ್ಟಿದ್ದರೆ ಅಲ್ಲಿ ನಿಲ್ಲಬಹುದು. ಇನ್ನೂ ಗಟ್ಟಿ ಬೇಕಿದ್ದರೆ ಶೇ 0 ಇಟ್ಟುಕೊಳ್ಳಿ. ಒಂದು ಚಿಕ್ಕ ಪಟ್ಟಿಯಲ್ಲಿ ಇದನ್ನು ತೋರಿಸಿದರೆ ಓದುವವರಿಗೆ ನೀವು ಎಲ್ಲಿ, ಯಾಕೆ ನಿಲ್ಲಿಸಿದಿರಿ ಎಂದು ಕಣ್ಣಿಗೆ ಕಾಣುತ್ತದೆ.

ಹುಸಿ ಸ್ಯಾಚುರೇಶನ್

ಹೊಸದೇನೂ ಬರುತ್ತಿಲ್ಲ ಅನ್ನಿಸಲು ಇನ್ನೊಂದು ಕಾರಣ ಇರಬಹುದು: ನೀವು ಒಂದೇ ಕಡೆ ಅಗೆಯುತ್ತಿದ್ದೀರಿ. ಹಗಲು ಪಾಳಿಯ ಹತ್ತು ನರ್ಸ್‌ಗಳನ್ನು ಮಾತಾಡಿಸಿದಿರಿ. ಏಳನೆಯವರಿಂದ ಆಚೆಗೆ ಎಲ್ಲ ಹಳೆಯ ಮಾತೇ. ರಾತ್ರಿ ಪಾಳಿಗೆ ಹೋದರೆ ಅಲ್ಲಿ ಒಬ್ಬರೇ ಎರಡು ವಾರ್ಡ್ ನೋಡುತ್ತಾರೆ, ಕಂಪ್ಯೂಟರ್ ಇರುವುದು ಒಂದರಲ್ಲಿ. ಕಥೆಯೇ ಬೇರೆ.

ಒಬ್ಬರು ಇನ್ನೊಬ್ಬರ ಹೆಸರು ಹೇಳಿ, ಅವರು ಮತ್ತೊಬ್ಬರ ಹೆಸರು ಹೇಳಿ, ಹೀಗೆ ಸರಪಳಿಯಲ್ಲಿ ಜನ ಸಿಕ್ಕಾಗ ಈ ತೊಂದರೆ ಜಾಸ್ತಿ. ಗೆಳೆಯರು ಗೆಳೆಯರ ಹೆಸರನ್ನೇ ಹೇಳುತ್ತಾರೆ. ಮೇಲಧಿಕಾರಿಯೇ ಆರಿಸಿ ಕಳಿಸಿದವರಾದರಂತೂ ಕೇಳುವುದೇ ಬೇಡ. ಪ್ರಶ್ನೆಗಳು ಚಪ್ಪಟೆಯಾಗಿದ್ದರೂ ಅಷ್ಟೇ. "ಕಂಪ್ಯೂಟರ್ ಕಷ್ಟವಾ?" ಎಂದರೆ ಹೌದು ಅಥವಾ ಇಲ್ಲ ಬರುತ್ತದೆ, ಬೇಗ ತುಂಬಿಹೋಗುತ್ತದೆ. "ನಿನ್ನೆ ಪಾಳಿ ಒಪ್ಪಿಸಿದ್ದು ಹೇಗೆ, ಒಂದೊಂದಾಗಿ ಹೇಳಿ" ಎಂದರೆ ಬೇರೆಯದೇ ಬರುತ್ತದೆ.

ಇದಕ್ಕೆ ಮದ್ದು, ನಿಮ್ಮ ಉತ್ತರವನ್ನು ಕೆಡಿಸಬಲ್ಲವರನ್ನು ಬೇಕೆಂದೇ ಹುಡುಕುವುದು. ನೋಟ್‌ಬುಕ್ ಇಟ್ಟುಕೊಳ್ಳದ ನರ್ಸ್ ಯಾರು? ಹೊಸ ವ್ಯವಸ್ಥೆಯನ್ನು ಮೆಚ್ಚುವವರು ಯಾರು? ಇಂಥವರನ್ನು ವಿರುದ್ಧ ಪ್ರಕರಣ ಎನ್ನುತ್ತಾರೆ. ಅವರನ್ನು ಕೇಳಿದ ಮೇಲೂ ನಿಮ್ಮ ವಿವರಣೆ ನಿಂತರೆ, ಅಥವಾ ಅವರನ್ನೂ ಒಳಗೊಳ್ಳುವಂತೆ ತಿದ್ದಿಕೊಂಡು ನಿಂತರೆ, ಆಗ "ಸಾಕು" ಅನ್ನುವ ಮಾತಿಗೆ ತೂಕ ಬರುತ್ತದೆ.

ಕೇಸ್ ಸ್ಟಡಿಯಲ್ಲಿ "ಸಾಕು" ಅನ್ನುವುದು ಇನ್ನೂ ಅಗಲ

ಸ್ಯಾಚುರೇಶನ್ ಲೆಕ್ಕಗಳೆಲ್ಲ ಹೆಚ್ಚಾಗಿ ಸಂದರ್ಶನಗಳನ್ನು ಎಣಿಸುತ್ತವೆ. ಕೇಸ್ ಸ್ಟಡಿಯಲ್ಲಿ ಒಂದು ಆಸ್ಪತ್ರೆಯೊಳಗೆ 20 ಸಂದರ್ಶನ ಮಾಡಿದರೂ ನಿಮ್ಮ ಬಳಿ ಇರುವುದು ಒಂದೇ ಪ್ರಕರಣ. ಹಾಗಾಗಿ ಇಲ್ಲಿ ಕೇಳಬೇಕಾದದ್ದು ಬೇರೆ. ನಿಮ್ಮ ಪ್ರತಿ ಮುಖ್ಯ ಮಾತಿಗೂ ಒಂದಕ್ಕಿಂತ ಹೆಚ್ಚು ಮೂಲದ ಆಧಾರ ಇದೆಯಾ? ನಿಮ್ಮ ವಿವರಣೆಗೆ ಎದುರಾಗಿ ನಿಲ್ಲಬಹುದಾದ ಬೇರೆ ವಿವರಣೆಗಳನ್ನು ಪರೀಕ್ಷಿಸಿದ್ದೀರಾ? ಕಂಪ್ಯೂಟರ್ ನಿಧಾನವಾದ್ದರಿಂದಲೇ ನೋಟ್‌ಬುಕ್ ಎಂದು ನೀವು ಹೇಳುವುದಾದರೆ, ವೇಗದ ಕಂಪ್ಯೂಟರ್ ಇರುವ ವಾರ್ಡಿನಲ್ಲಿ ನೋಟ್‌ಬುಕ್ ಕಾಣೆಯಾಗಿರಬೇಕು. ಹೋಗಿ ನೋಡಿದ್ದೀರಾ? ಅಲ್ಲೂ ಇದ್ದರೆ ಇನ್ನೂ ಹತ್ತು ಸಂದರ್ಶನ ಮಾಡುವುದಕ್ಕಿಂತ ವಿವರಣೆ ಬದಲಿಸುವುದು ಮೊದಲ ಕೆಲಸ.

ಹಲವು ಪ್ರಕರಣ ಇಟ್ಟುಕೊಂಡು ಸಿದ್ಧಾಂತ ಕಟ್ಟುವವರಿಗೆ ಕ್ಯಾಥ್ಲೀನ್ ಐಸೆನ್‌ಹಾರ್ಟ್ 1989ರಲ್ಲಿ 4ರಿಂದ 10 ಪ್ರಕರಣ ಸಾಮಾನ್ಯವಾಗಿ ಒಗ್ಗುತ್ತದೆ ಎಂದಿದ್ದರು. ನಾಲ್ಕಕ್ಕಿಂತ ಕಡಿಮೆಯಾದರೆ ಸಿದ್ಧಾಂತ ತೆಳುವಾಗುವ ಭಯ, ಹತ್ತು ದಾಟಿದರೆ ಮಾಹಿತಿಯ ರಾಶಿಯಲ್ಲಿ ಮುಳುಗುವ ಭಯ. ಚಾಲೆಂಜರಿನಂತೆ ಒಂದೇ ಪ್ರಕರಣ ಸಾಕಾಗುವ ಅಧ್ಯಯನಗಳೂ ಇವೆ.

ಎಲ್ಲರೂ ಒಪ್ಪುವುದಿಲ್ಲ

ಸ್ಯಾಚುರೇಶನ್ ಬಗ್ಗೆಯೇ ತಕರಾರು ಇದೆ. ಥೀಮ್ ವಿಶ್ಲೇಷಣೆಗೆ ಹೆಸರಾದ ವರ್ಜೀನಿಯಾ ಬ್ರಾನ್ ಮತ್ತು ವಿಕ್ಟೋರಿಯಾ ಕ್ಲಾರ್ಕ್ ತಮ್ಮ ವಿಧಾನಕ್ಕೆ ಈ ಅಳತೆ ಹೊಂದುವುದಿಲ್ಲ ಎನ್ನುತ್ತಾರೆ. ಅರ್ಥ ಅನ್ನುವುದು ಮಾಹಿತಿಯೊಳಗೆ ಹೂತಿಟ್ಟ ವಸ್ತುವಲ್ಲ, ಓದುವ ಸಂಶೋಧಕರೂ ಸೇರಿ ಅದನ್ನು ಕಟ್ಟುತ್ತಾರೆ, ಹಾಗಾಗಿ ಎಲ್ಲಾ ತೆಗೆದಾಯಿತು ಅನ್ನುವ ಘಳಿಗೆ ಬರುವುದೇ ಇಲ್ಲ ಅನ್ನುವುದು ಅವರ ವಾದ.

ಕಿರ್ಸ್ಟಿ ಮಾಲ್ಟರೂಡ್ ಮತ್ತು ಸಂಗಡಿಗರು 2016ರಲ್ಲಿ ಇನ್ಫರ್ಮೇಶನ್ ಪವರ್ ಎಂಬ ಬೇರೆ ಅಳತೆ ಕೊಟ್ಟರು. ಸಿಕ್ಕ ಮಾಹಿತಿಗೆ ಎಷ್ಟು ಬಲ ಇದೆ ಎಂದು ಅದು ಕೇಳುತ್ತದೆ. ನಿಮ್ಮ ಗುರಿ ಕಿರಿದಾಗಿದ್ದರೆ, ಜನ ಆ ವಿಷಯವನ್ನು ನಿಜವಾಗಿ ಬಲ್ಲವರಾಗಿದ್ದರೆ, ಹಿಂದೆ ಗಟ್ಟಿ ಸಿದ್ಧಾಂತ ಇದ್ದರೆ, ಮಾತುಕತೆ ಆಳಕ್ಕೆ ಇಳಿದಿದ್ದರೆ, ಕೆಲವೇ ಜನರನ್ನು ಸೂಕ್ಷ್ಮವಾಗಿ ನೋಡುವ ವಿಶ್ಲೇಷಣೆ ಇದ್ದರೆ ಕಡಿಮೆ ಜನ ಸಾಕು. ಯೋಜನೆ ಬರೆಯುವ ಹೊತ್ತಿಗೆ ಇದು ಹೆಚ್ಚು ಉಪಯೋಗ, ಯಾಕೆಂದರೆ ಸ್ಯಾಚುರೇಶನ್ ಬಂತೋ ಇಲ್ಲವೋ ಎಂದು ಮೊದಲೇ ಹೇಳಲು ಆಗುವುದಿಲ್ಲ. ಆದರೆ ಸಂಶೋಧನೆಗೆ ಅನುಮತಿ ಕೇಳುವ ಅರ್ಜಿಯಲ್ಲಿ ಸಂಖ್ಯೆ ಮೊದಲೇ ಬೇಕು.

ಪ್ರಬಂಧದಲ್ಲಿ ಬರೆಯುವುದು ಹೇಗೆ?

"ಸ್ಯಾಚುರೇಶನ್ ತಲುಪಿದೆವು" ಎಂಬ ಒಂದು ಸಾಲು ಏನನ್ನೂ ಹೇಳುವುದಿಲ್ಲ. ಯಾವ ಅರ್ಥದಲ್ಲಿ ಆ ಮಾತು ಬಳಸಿದ್ದೀರಿ, ಎಷ್ಟನೆಯ ಸಂದರ್ಶನದ ನಂತರ ಹೊಸದು ನಿಂತಿತು, ಆಮೇಲೆ ಯಾರನ್ನು ಹುಡುಕಿಕೊಂಡು ಹೋದಿರಿ, ಯಾವ ಕಾಗದಪತ್ರಗಳೊಂದಿಗೆ ತಾಳೆ ನೋಡಿದಿರಿ ಎಂದು ಬರೆಯಿರಿ. ದಿನಾಂಕ ಹಾಕಿ ಟಿಪ್ಪಣಿ ಇಟ್ಟಿದ್ದರೆ ವೈವಾದಲ್ಲಿ ಅದೇ ನಿಮ್ಮ ಬಲ.

ಮಾಹಿತಿ ಸಾಲುವ ಮೊದಲೇ ಸಮಯ ಮುಗಿಯಬಹುದು. ನಿಜ ಹೇಳಬೇಕೆಂದರೆ ಹೆಚ್ಚಿನ ವಿದ್ಯಾರ್ಥಿಗಳ ವಿಷಯದಲ್ಲಿ ಹೀಗೇ ಆಗುತ್ತದೆ. ಆಗ ಇಲ್ಲದ ಸ್ಯಾಚುರೇಶನ್ ಬಂತು ಎಂದು ಬರೆಯುವ ಬದಲು ನಿಮ್ಮ ಮಾತಿನ ಅಗಲ ಕಡಿಮೆ ಮಾಡಿ. ರಾತ್ರಿ ಪಾಳಿಯವರು ಸಿಗಲಿಲ್ಲವಾದರೆ, ಶೀರ್ಷಿಕೆಯಲ್ಲಿ "ಆಸ್ಪತ್ರೆಯ ನರ್ಸ್‌ಗಳು" ಎಂದಿರುವುದನ್ನು "ಹಗಲು ಪಾಳಿಯ ನರ್ಸ್‌ಗಳು" ಎಂದು ತಿದ್ದಿ, ಯಾಕೆ ಸಿಗಲಿಲ್ಲ ಎಂದು ವಿಧಾನದ ಅಧ್ಯಾಯದಲ್ಲಿ ಎರಡು ಸಾಲು ಸೇರಿಸಿ.